ಆರು ಹಲ್ಲಿನ ವೀಣೆ

ಎತ್ತಿನ ಮೈಮೇಲಿನ ಸುಳಿ ನೋಡಿ ಅದರ ಹಣೆಬರಹ ಹೇಳುವ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರು ಕಂಬಂ ಕಣಿವೆಯಲ್ಲೇ ಇಲ್ಲ ಎಂದು ಕಾಳಿಮುತ್ತುವಿಗೆ ಖಚಿತವಾಗಿ ಗೊತ್ತಿತ್ತು. ಕಣಿವೆಯ ಉಳಿದವರಿಗೆ ಅಷ್ಟು ಖಚಿತವಾಗಿ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಹಿಂದಿನ ವರ್ಷ ಅವನು ಆರಿಸಿ ಕೊಡಿಸಿದ ಒಂದು ಎತ್ತು, ಭುಜದ ಮೇಲೆ ಸಾಕ್ಷಾತ್ ರಾಜಸುಳಿ ಇದ್ದದ್ದು, ಆಂಡಿಪಟ್ಟಿ ದಾರಿಯ ನಡುಮಧ್ಯೆ ಕುಳಿತು ಎರಡು ದಿನ ಏಳಲಿಲ್ಲ. ಎತ್ತಿನ ಯಜಮಾನ ಬಂದು ಬಾಯಿಗೆ ಬಂದಂತೆ ಬೈದಾಗ ಕಾಳಿಮುತ್ತು ಮೀಸೆಯ ಮೇಲೆ ಕೈ ಹಾಕಿ, "ರಾಜಸುಳಿ ಅಂತ ಆಗ್ಲೇ ಯೋಳ್ಲಿಲ್ವಾ? ರಾಜ ಅಂದಮೇಲೆ ಕೂತ್ಕೊಂಡೇ ಇರ್ತಾನೆ" ಎಂದ. ಆ ಮನುಷ್ಯ ತಲೆ ಕೊಡವಿಕೊಂಡು ಮನೆಗೆ ಹೋದ.

ಬೆಟ್ಟದ ಆಚೆ ಪೆರಿಯಾರ್ ಅಣೆಕಟ್ಟೆ ಏಳುತ್ತಿದ್ದ ವರ್ಷಗಳು ಅವು. ಸುಣ್ಣ ಕಲ್ಲು ಸಾಗಿಸಲು ಎತ್ತುಗಳಿಗೆ ಎಲ್ಲಿಲ್ಲದ ಬೇಡಿಕೆ. ತೇನಿಯ ಸಂತೆಯಲ್ಲಿ ಕನ್ನಡದವರು ಕನ್ನಡದವರನ್ನು ಕಂಡರೆ ಒಂದು ಗಳಿಗೆ ನಿಂತು ಮಾತಾಡದೆ ಹೋಗುತ್ತಿರಲಿಲ್ಲ. ತಲೆಮಾರುಗಳ ಹಿಂದೆ ದನ ಹೊಡೆದುಕೊಂಡು ತೆಂಕಣಕ್ಕೆ ಬಂದು ನೆಲೆಸಿದವರು. ಬೀದಿಯಲ್ಲಿ ತಮಿಳು, ಒಲೆಯ ಮುಂದೆ ಮಾತ್ರ ಕನ್ನಡ. ಹಾಗೆ ನಿಂತು ಮಾತಾಡಿದವರಲ್ಲಿ ವೇದಸಂದೂರಿನ ಪೊನ್ನುಸಾಮಿಯೂ ಒಬ್ಬ. ಅವನ ಮಗ ಲಕ್ಷ್ಮಣನ್ ಹಿಂದಿನ ಪೊಂಗಲ್ಲಿಗೆ ಎತ್ತು ನೋಡಲು ಕಂಬಮ್ಮಿಗೆ ಬಂದವನು ಎತ್ತಿಗಿಂತ ಹೆಚ್ಚಾಗಿ ಕಾಳಿಮುತ್ತುವಿನ ಮಗಳು ತಿಲಗವತಿಯನ್ನು ನೋಡಿದ್ದ. ತಿಲಗವತಿಯೂ ನೋಡಿದ್ದಳು. ಹುಡುಗ ಅವಳಿಗೆ ಮನಸಾರೆ ಹಿಡಿಸಿದ್ದ. ಅವನನ್ನು ಬಿಟ್ಟು ಬೇರೆಯವರನ್ನು ಮದುವೆಯಾಗುವುದಿಲ್ಲ ಎಂದು ತಾಯಿಗೆ ಒಂದು ಸಲ ಹೇಳಿ, ಮತ್ತೆ ಆ ಮಾತೇ ಎತ್ತಿರಲಿಲ್ಲ. ಅವಳು ಒಂದು ಸಲ ಹೇಳಿದರೆ ಅದು ಹತ್ತು ಸಲ ಹೇಳಿದಂತೆ ಎಂದು ತಾಯಿ ಪಿಚ್ಚೈಯಮ್ಮಾಳಿಗೆ ಗೊತ್ತಿತ್ತು.

ಸಂತೆಯಲ್ಲಿ ಮದುವೆಯ ಮಾತೆಲ್ಲ ಮುಗಿದು, ಎಲೆ ಅಡಿಕೆ ಹಾಕಿಕೊಂಡು, ಇನ್ನೇನು ಏಳಬೇಕು ಎನ್ನುವಾಗ ಪೊನ್ನುಸಾಮಿ ಗಂಟಲು ಸರಿಮಾಡಿಕೊಂಡ.

"ನಮ್ಗೆ ಚಿನ್ನ ಬ್ಯಾಡ, ಬೆಳ್ಳಿ ಬ್ಯಾಡ. ಆದ್ರೆ ನಮ್ ಲಕ್ಷ್ಮಣನ್ ದಿಂಡಿಗಲ್ಲಲ್ಲಿ ಪಾಟ್ಟು ಕಲ್ತವ್ನೆ. ನಾಲ್ಕು ಜನದ ಮುಂದೆ ಹಾಡ್ತಾನೆ. ಮನೆಗೆ ಬರೋ ಸೊಸೆಗೂ ಅಷ್ಟೋ ಇಷ್ಟೋ ಸಂಗೀತದ ಗಾಳಿ ಬೀಸಿರ್ಬೇಕು."

ಇಲ್ಲಿ ಕಾಳಿಮುತ್ತು "ನಮ್ಮ ಹುಡುಗಿ ಹೊಲದಲ್ಲಿ ಗಿಳಿ ಓಡಿಸುವಾಗ ಚೆನ್ನಾಗಿ ಕೂಗುತ್ತಾಳೆ" ಎಂದಿದ್ದರೂ ಸಾಕಾಗುತ್ತಿತ್ತು. ಅದು ನಿಜವೂ ಆಗಿತ್ತು. ಆದರೆ ಅವನ ಬಾಯಿ ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗುವ ಬಾಯಿ.

"ಗಾಳಿಯಾ? ನಮ್ ಮನೇಲಿ ಮೂರು ತಲೆಮಾರಿನ ವೀಣೆ ಅದೆ ಸಂಬಂದಿ!"

"ಅಡೇಯಪ್ಪಾ! ಮೂರು ತಲೆಮಾರು?"

"ನಮ್ ಅಜ್ಜ ತಂದದ್ದು. ಅದ್ನ ನೋಡ್ದೆ ಇದ್ರೆ ನಮ್ ಮನೆ ಹಸು ಹಾಲು ಕೊಡಾಕಿಲ್ಲ."

ಪೊನ್ನುಸಾಮಿ ಎದ್ದು ನಿಂತು ಅವನ ಕೈ ಹಿಡಿದುಕೊಂಡ. "ಸರಿ. ಇನ್ನು ಹದಿನೈದು ದಿನಕ್ಕೆ ಬತ್ತೀವಿ. ವೀಣೆ ನೋಡಿ, ಅಲ್ಲೇ ತಾಂಬೂಲ ಬದಲಾಯಿಸ್ತೀವಿ. ವೀಣೆ ಇಲ್ದಿದ್ರೆ..." ಎಂದು ನಕ್ಕ. ಪೊನ್ನುಸಾಮಿ ನಕ್ಕದ್ದು ತಮಾಷೆಗೆ ಅಲ್ಲ ಎಂಬುದು ವೇದಸಂದೂರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹೋದ ವರ್ಷ ಅವನು ಹೀಗೇ ನಕ್ಕು ಎರಡು ಸಂಬಂಧ ಮುರಿದಿದ್ದ.

ಮನೆಗೆ ಬಂದು ಸುದ್ದಿ ಹೇಳಿದಾಗ ಪಿಚ್ಚೈಯಮ್ಮಾಳ್ ರಾಗಿ ಬೀಸುವುದನ್ನು ನಿಲ್ಲಿಸಿ ಗಂಡನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

"ಯಾವ ವೀಣೆ?"

"ಮೂರು ತಲೆಮಾರಿಂದು."

"ಎಲ್ಲದೆ?"

"ತರ್ಬೇಕು."

"ಮೂರು ತಲೆಮಾರಿನ ವೀಣೆನಾ ಹದಿನೈದು ದಿನದಾಗೆ ಎಲ್ಲಿಂದ ತತ್ತೀರ?"

"ಹೊಸದು ತಂದ್ರೆ ತಾನೆ ಕಷ್ಟ? ಹಳೇದು ತತ್ತೀನಿ. ಆರಿಸೋದ್ರಾಗೆ ಈ ಕಾಳಿಮುತ್ತುನ ಕಣ್ಣಿಗೆ ಮೋಸ ಮಾಡೋರು ಇನ್ನೂ ಹುಟ್ಟಿಲ್ಲ."

ಪಿಚ್ಚೈಯಮ್ಮಾಳ್ ಆಂಡಿಪಟ್ಟಿ ಎತ್ತಿನ ಹೆಸರು ತೆಗೆಯಬೇಕೆಂದು ಬಾಯಿ ತೆರೆದವಳು, ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ನೋಡಿ ಮತ್ತೆ ರಾಗಿ ಬೀಸತೊಡಗಿದಳು. ತಿಲಗವತಿ ನೆನೆಸಿದ ಹತ್ತಿಬೀಜಕ್ಕೆ ಬೆಲ್ಲದ ನೀರು ಕಲಸಿ ಎತ್ತುಗಳಿಗೆ ಇಡುತ್ತಿದ್ದಳು. ಕೈ ಅದರ ಪಾಡಿಗೆ ಕಲಸುತ್ತಿತ್ತು, ಕಣ್ಣು ಮಾತ್ರ ತುಂಬಿತ್ತು.

ದಿಂಡಿಗಲ್ಲಿಗೆ ಗಾಡಿಯಲ್ಲಿ ಮೂರು ದಿನದ ದಾರಿ. ಅಲ್ಲಿ ಕಾಳಿಮುತ್ತು ಮೊದಲು ಕೋಟೆ ಬೆಟ್ಟದ ಕೆಳಗಿನ ಒಬ್ಬ ವಿದ್ವಾಂಸರ ಮನೆಗೆ ಹೋಗಿ, ಗೋಡೆಗೆ ಒರಗಿಸಿದ್ದ ವೀಣೆ ತೋರಿಸಿ, ಇದನ್ನು ಮಾರುತ್ತೀರಾ ಎಂದು ಕೇಳಿದ. ವಿದ್ವಾಂಸರು ಅವನನ್ನು ಬಾಗಿಲವರೆಗೂ ಕಳುಹಿಸಿಕೊಟ್ಟರು. ಅಲ್ಲಿಂದ ಮುಂದಕ್ಕೆ ಅವರ ನಾಯಿ ಕಳುಹಿಸಿಕೊಟ್ಟಿತು. ಬೀಗ ಮಾಡುವವರ ಬೀದಿಯಲ್ಲಿ ಏದುಸಿರು ಬಿಡುತ್ತ ನಿಂತಾಗ ಅರ ಉಜ್ಜುತ್ತಿದ್ದ ಒಬ್ಬ ಮುದುಕ, "ಹಳೆಯದೇ ಬೇಕು ಅಂದರೆ ರೈಲು ದೊರೆಯ ಬಂಗಲೆಗೆ ಹೋಗು. ದೊರೆ ಊರು ಬಿಡುತ್ತಿದ್ದಾನೆ, ಬಟ್ಲರ್ ಅಂದೋಣಿ ಸಾಮಾನು ಮಾರುತ್ತಿದ್ದಾನೆ. ತಂತಿ ಇರುವ ಪೆಟ್ಟಿಗೆ ಎರಡು ಇದೆಯಂತೆ" ಎಂದ. ಮಾತೆಲ್ಲ ನಡೆದದ್ದು ತಮಿಳಿನಲ್ಲಿ. ಕನ್ನಡದಲ್ಲಿ ಹೇಳಿದರೂ ಏನೂ ಸೋರಿಹೋಗಿಲ್ಲ.

ಅಂದೋಣಿ ಬಂಗಲೆಯ ಹಿತ್ತಲ ಜಗುಲಿಯ ಮೇಲೆ ಎರಡು ಗಿಟಾರುಗಳನ್ನು ಇಟ್ಟಿದ್ದ. ಒಂದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಹಳೆಯದು, ಬಣ್ಣ ಮಾಸಿ, ಹೊಟ್ಟೆಗೆ ಒಂದು ತೇಪೆ ಹಾಕಿಸಿಕೊಂಡು, ಒಂದು ತಂತಿ ಕಳೆದುಕೊಂಡಿತ್ತು.

"ವೀಣೆ ಇದೆಯಾ?" ಎಂದು ಕಾಳಿಮುತ್ತು ಕೇಳಿದ.

"ಇದು ಬಿಳಿ ದೊರೆಗಳ ವೀಣೆ" ಎಂದ ಅಂದೋಣಿ. ಆರು ದಿನದಿಂದ ಅವನ ಬಳಿ ಯಾರೂ ಏನನ್ನೂ ಕೊಂಡಿರಲಿಲ್ಲ.

ಕಾಳಿಮುತ್ತು ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ವ್ಯಾಪಾರಕ್ಕೆ ನಿಂತ ಎಂದು ಅದರ ಅರ್ಥ. ಮೊದಲು ಎರಡು ಗಿಟಾರುಗಳ ಸುತ್ತಲೂ ಒಂದು ಪ್ರದಕ್ಷಿಣೆ ಬಂದ. ಆಮೇಲೆ ಬಗ್ಗಿ, ಹೊಳೆಯುವ ಗಿಟಾರಿನ ತುದಿಯಲ್ಲಿದ್ದ ಬಿರಡೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಅಲುಗಾಡಿಸಿ ಎಣಿಸಿದ.

"ಆರು ಹಲ್ಲು" ಎಂದ. ಹಳೆಯದರ ಬಿರಡೆಗಳನ್ನೂ ಎಣಿಸಿದ. "ಇದಕ್ಕೂ ಆರು ಹಲ್ಲು. ಒಳ್ಳೆಯ ಪ್ರಾಯ."

"ಅದು ಹಲ್ಲಲ್ಲ..." ಎಂದು ಅಂದೋಣಿ ಶುರುಮಾಡಿದ.

"ನೀನು ಸುಮ್ಮನಿರು. ಮಾರುವವನು ಹೇಳಿದ್ದನ್ನು ನಾನು ಕೇಳುವುದಿಲ್ಲ." ಬೆರಳ ಗೆಣ್ಣಿನಿಂದ ಎರಡರ ಹೊಟ್ಟೆಯನ್ನೂ ಕುಂಬಳಕಾಯಿ ತಟ್ಟುವ ಹಾಗೆ ತಟ್ಟಿದ. ಹಳೆಯದು ಗುಂಯ್ ಎಂದಿತು. ಹೊಳೆಯುವುದು ದಡ್ ಎಂದಿತು. "ಇದ್ಯಾಕೆ ಹೀಗೆ?"

ಅಂದೋಣಿ ಬಂಗಲೆಯ ಕಡೆಗೆ ಒಮ್ಮೆ ನೋಡಿ, ದೊಡ್ಡ ಗುಟ್ಟು ಹೇಳುವವನಂತೆ ದನಿ ತಗ್ಗಿಸಿದ. "ಹಳೆಯದು ಪೂರಾ ಟೊಳ್ಳು. ಇದು ಅರ್ಧ ಟೊಳ್ಳು. ಸೀಮೆಯಲ್ಲಿ ಈಗ ಅರ್ಧ ಟೊಳ್ಳಿಗೇ ಮರ್ಯಾದೆ." ಉಳಿದರ್ಧದಲ್ಲಿ ಗೆದ್ದಲು ಮನೆ ಕಟ್ಟಿತ್ತು. ಅದನ್ನು ಹೇಳುವ ಅಗತ್ಯ ಅಂದೋಣಿಗೆ ಕಾಣಲಿಲ್ಲ.

ಕಾಳಿಮುತ್ತುವಿಗೆ ಟೊಳ್ಳಿನ ಲೆಕ್ಕ ಬೇಕಾಗಿರಲಿಲ್ಲ. ಅವನು ಹೊಳೆಯುವ ಗಿಟಾರನ್ನು ಮಗುಚಿ ಹಾಕಿ ಬೆನ್ನು ನೋಡಿದ. ನೋಡಿದವನೇ ಒಂದು ಹೆಜ್ಜೆ ಹಿಂದಕ್ಕೆ ಹಾರಿದ. ಬೆನ್ನಿನ ಮರದಲ್ಲಿ ಎರಡು ಕಪ್ಪು ಗೆರೆಗಳು ಪಕ್ಕಪಕ್ಕದಲ್ಲಿ ಉದ್ದಕ್ಕೆ ಹೋಗಿದ್ದವು.

"ಪಾಡೆ ಸುಳಿ!"

"ಏನು?"

"ಚಟ್ಟದ ಸುಳಿಯಪ್ಪಾ! ಬೆನ್ನಿನ ಎರಡೂ ಕಡೆ ಬಿದಿರು ಇಟ್ಟ ಹಾಗೆ ಗೆರೆ. ಇದನ್ನು ಕಟ್ಟಿದ ಮನೆಯ ಯಜಮಾನ ಉಳಿಯುವುದಿಲ್ಲ. ನಿನ್ನ ದೊರೆ ಊರು ಬಿಡುತ್ತಿರುವುದು ಸುಮ್ಮನೆ ಅಂದುಕೊಂಡೆಯಾ?"

ದೊರೆಗೆ ವರ್ಗವಾಗಿತ್ತು. ಆದರೂ ಅಂದೋಣಿ ಕತ್ತಿನ ಶಿಲುಬೆಯನ್ನು ಮುಟ್ಟಿಕೊಂಡ. ಅಷ್ಟರಲ್ಲಿ ಕಾಳಿಮುತ್ತು ಹಳೆಯದರ ಮೈ ತಡವುತ್ತಿದ್ದ. ಕುತ್ತಿಗೆ ಮುಗಿದು ಭುಜ ಶುರುವಾಗುವಲ್ಲಿ ಮರದ ಗಂಟೊಂದು ಕಾಸಿನಗಲ ದುಂಡಗೆ ಸುತ್ತಿಕೊಂಡು ಕೂತಿತ್ತು. ಅವನ ಮುಖ ಅರಳಿತು. ರಾಜಸುಳಿ! ಅದೂ ಬಲಭುಜದಲ್ಲಿ!

"ಸರಿ, ಇದನ್ನು ಒಂದು ಸುತ್ತು ನಡೆಸಿ ತೋರಿಸು."

"ನಡೆಸಿ?"

"ನಡಿಗೆ ನೋಡದೆ ನಾನು ಯಾವುದನ್ನೂ ಕೊಂಡವನಲ್ಲ."

ಹದಿನೆಂಟು ವರ್ಷ ಬಿಳಿ ದೊರೆಗಳ ಚಾಕರಿ ಮಾಡಿದ ಅಂದೋಣಿ, ಯಾಕೆ ಎಂದು ಕೇಳದೆ ಹೇಳಿದ್ದನ್ನು ಮಾಡುವುದು ಕಲಿತಿದ್ದ. ಗಿಟಾರನ್ನು ಎದೆಗೆ ಅವಚಿಕೊಂಡು ಹಿತ್ತಲಲ್ಲಿ ಬಾವಿಯವರೆಗೂ ನಡೆದು ಹಿಂದಿರುಗಿ ಬಂದ. ಕಾಳಿಮುತ್ತು ತಲೆ ವಾರೆ ಮಾಡಿಕೊಂಡು ನೋಡಿ, "ಎಡಗಡೆ ಸ್ವಲ್ಪ ಎಳೆಯುತ್ತದೆ. ಪರವಾಗಿಲ್ಲ" ಎಂದ. ಆಮೇಲೆ ಸಂತೆಯ ಕ್ರಮದ ಪ್ರಕಾರ ಅಂದೋಣಿಯ ಕೈಮೇಲೆ ಟವೆಲ್ ಹಾಸಿ, ಅದರೊಳಗೆ ಅವನ ಬೆರಳುಗಳನ್ನು ಹಿಡಿದು ಒತ್ತಿದ. ಬೆಲೆ ಹೇಳುವುದು ಹಾಗೆ, ಅಕ್ಕಪಕ್ಕದವರಿಗೆ ತಿಳಿಯಬಾರದು. ಅಂದೋಣಿಗೂ ತಿಳಿಯಲಿಲ್ಲ. ಅವನು ಕಿರುಚಿಕೊಂಡು, "ನೀನು ಎಷ್ಟು ಕೊಟ್ಟರೆ ಅಷ್ಟು ಸಾಕು, ಕೈ ಬಿಡು!" ಎಂದ. ಟವೆಲ್ಲಿನ ಕೆಳಗೆ ಇಷ್ಟು ಸುಲಭದ ವ್ಯಾಪಾರವನ್ನು ಕಾಳಿಮುತ್ತು ಹುಟ್ಟಿದಂದಿನಿಂದ ಮಾಡಿರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ವತ್ತಲಗುಂಡಿನ ಹತ್ತಿರ ಅಬಕಾರಿ ಪೇದೆಯೊಬ್ಬ ಗಾಡಿ ನಿಲ್ಲಿಸಿದ. ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿ ಹುಲ್ಲಿನ ಮೇಲೆ ಮಲಗಿಸಿದ್ದ ಗಿಟಾರನ್ನು ಕೋಲಿನಿಂದ ತಟ್ಟಿದ. ಗುಂಯ್ ಎಂದಿತು.

"ಒಳಗೆ ಏನು? ಸಾರಾಯಿಯಾ?"

"ಒಳಗೆ ಏನೂ ಇಲ್ಲ ಸಾಮಿ."

ಪೇದೆ ಮೂಗು ತೂರಿಸಿ ಮೂಸಿದ, ಕೈ ಹಾಕಿ ತಡಕಿದ, ಎತ್ತಿ ಅಲುಗಾಡಿಸಿದ. ಏನೂ ಇರಲಿಲ್ಲ. ಅದೇ ಅವನ ಅನುಮಾನವನ್ನು ಹೆಚ್ಚಿಸಿತು.

"ಏನೂ ಇಲ್ಲದ್ದನ್ನು ಸೀರೆ ಉಡಿಸಿ ದಿಂಡಿಗಲ್ಲಿನಿಂದ ಹೊತ್ತುಕೊಂಡು ಹೋಗುತ್ತಿದ್ದೀಯಾ?"

"ನನ್ನ ಮಗಳ ಮದುವೆಗೆ ಸಾಮಿ."

ಪೇದೆ ತಾನೇ ಗಿಟಾರಿಗೆ ಮತ್ತೆ ಸೀರೆ ಹೊದಿಸಿ, "ಪಾಪ, ಹೋಗು" ಎಂದು ದಾರಿ ಬಿಟ್ಟ.

ಕಂಬಮ್ಮಿನಲ್ಲಿ ಬೀದಿಗೆ ಬೀದಿಯೇ ಜಗುಲಿಗೆ ಬಂದು ಕೂತಿತು. ಕಾಳಿಮುತ್ತುವನ್ನು ಬಿಟ್ಟರೆ ಆ ಬೀದಿಯಲ್ಲಿ ವೀಣೆಯನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ದೇವಸ್ಥಾನದ ಕಂಬದಲ್ಲಿ ಕೆತ್ತಿದ ಸರಸ್ವತಿಯ ಕೈಯಲ್ಲಿದ್ದದ್ದೇ ಎಲ್ಲರಿಗೂ ಆಧಾರ. ಪಕ್ಕದ ಮನೆಯ ಮುನಿಯಮ್ಮಾಳ್ ಗಿಟಾರನ್ನು ಹಿಂದೆ ಮುಂದೆ ನೋಡಿ, "ಅಣ್ಣಾ, ಕಂಬದಾಗಿರೋ ವೀಣೆಗೆ ಎರಡು ಬುರುಡೆ ಅವೆ. ಇದಕ್ಕೆ ಎಲ್ಲಿ?" ಎಂದಳು.

"ಮೂರು ತಲೆಮಾರು ನುಡಿಸಿದ್ರೆ ಬುರುಡೆ ಉಳಿತದಾ? ಸವೆದು ಹೋಯ್ತು."

ಮುನಿಯಮ್ಮಾಳಿಗೆ ಇದು ಸರಿ ಎನಿಸಿತು. ಅವಳ ಮನೆಯ ರುಬ್ಬುವ ಕಲ್ಲೂ ಹಾಗೇ ಸವೆದಿತ್ತು. ಪಿಚ್ಚೈಯಮ್ಮಾಳ್ ಮಾತ್ರ ಹೊಟ್ಟೆಯ ತೂತಿನೊಳಗೆ ಇಣುಕಿ ನೋಡಿ, "ಇಷ್ಟು ದೊಡ್ಡ ಟೊಳ್ಳು ಇಟ್ಕೊಂಡು ಒಳಗೆ ಒಂದು ಪಡಿ ಕಾಳೂ ಹಾಕ್ದೆ ಇಟ್ಟವ್ರಲ್ಲ, ಎಂಥ ಹೆಂಗಸ್ರೋ ಆ ದೊರೆ ಮನೇವ್ರು" ಎಂದು ನಿಟ್ಟುಸಿರು ಬಿಟ್ಟಳು. ತಿಲಗವತಿ ಆ ಮಾತು ಕೇಳಿಸಿಕೊಂಡು ಸಗಣಿ ಬಾಚಲು ಹೋದಳು.

ಹೇಳಿದ ದಿನ ಹೇಳಿದ ಹೊತ್ತಿಗೆ ಪೊನ್ನುಸಾಮಿ ಎರಡು ಗಾಡಿ ನೆಂಟರನ್ನು ಕಟ್ಟಿಕೊಂಡು ಬಂದಿಳಿದ. ಲಕ್ಷ್ಮಣನ್ ತಲೆಗೆ ಎಣ್ಣೆ ಹಚ್ಚಿ, ಹೊಸ ಪಂಚೆ ಉಟ್ಟು, ಎಲ್ಲಿ ನೋಡಬೇಕೋ ತಿಳಿಯದೆ ಮಾಡಿನ ತೊಲೆಗಳನ್ನು ನೋಡುತ್ತ ಕೂತ. ಊರ ಹಿರಿಯ ಗೌಡರೂ ಬಂದು ಹಜಾರದ ನಡುವೆ ಆಸೀನರಾದರು. ಪಾಯಸ ಮುಗಿಯಿತು. ಕೆಂಪು ಬಟ್ಟೆಯ ಮೇಲೆ ಮಲಗಿಸಿದ್ದ ಗಿಟಾರಿಗೆ ಪಿಚ್ಚೈಯಮ್ಮಾಳ್ ಕುಂಕುಮವನ್ನೂ ಇಟ್ಟಿದ್ದಳು.

"ಸರಿ, ನುಡಿಸಮ್ಮಾ. ಕೇಳೋಣ" ಎಂದ ಪೊನ್ನುಸಾಮಿ.

ತಿಲಗವತಿ ಅದರ ಒಂದು ತಂತಿಯನ್ನೂ ಮುಟ್ಟಿದವಳಲ್ಲ. ಆದರೂ ಕಾಳಿಮುತ್ತು ಅಲುಗಾಡಲಿಲ್ಲ.

"ಸಂಬಂದಿ, ನೀವೂ ಎತ್ತು ಕಟ್ಟಿದವ್ರು. ಮೂರು ತಲೆಮಾರಿನ ವಸ್ತುನ ಕೇಳೋಕ್ ಮುಂಚೆ ನೋಡ್ಬೇಕಾ ಬ್ಯಾಡ್ವಾ? ಮೊದ್ಲು ನೋಡಿ. ಕೈಯಿಟ್ಟು ನೋಡಿ. ನಿಮ್ ಕಣ್ಣಿಗೆ ಒಪ್ಪಿದ ಮೇಲೆ ಕಿವಿ."

ಆಡಬಾರದಾಗಿದ್ದ ಮಾತು ಅದೊಂದೇ. ನುಡಿಸಿದ್ದರೆ ಏನೋ ಒಂದು ಸದ್ದು ಬರುತ್ತಿತ್ತು, ಎಲ್ಲರೂ ತಲೆದೂಗುತ್ತಿದ್ದರು. ಆದರೆ ಎತ್ತು ಕಟ್ಟಿದವನು ಎಂದ ಕೂಡಲೇ ಪೊನ್ನುಸಾಮಿಯ ಬೆನ್ನು ನೆಟ್ಟಗಾಯಿತು. ವೇದಸಂದೂರಿನ ಆಸುಪಾಸಿನಲ್ಲಿ ಸುಳಿ ನೋಡುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವನಿಗೂ ಖಚಿತವಾಗಿ ಗೊತ್ತಿತ್ತು. ಅವನು ಟವೆಲ್ ಹೆಗಲಿಗೆ ಹಾಕಿಕೊಂಡು, ಗಿಟಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಮೈ ತಡವಿ, ಆ ಗಂಟಿನ ಮೇಲೆ ಬೆರಳಿಟ್ಟು ನಿಂತುಬಿಟ್ಟ.

"ಸಂಬಂದಿ, ಇದೇನಿದು?"

"ರಾಜಸುಳಿ!" ಕಾಳಿಮುತ್ತು ಎದೆ ಉಬ್ಬಿಸಿದ. "ಬಲಭುಜದಾಗೆ!"

"ಭುಜನಾ? ಇದು ಪಿರ್ರೆ. ಪಿರ್ರೆ ಮೇಲೆ ಸುಳಿ ಇದ್ರೆ ಏನು ಅಂತ ನಿಮ್ಗೆ ಗೊತ್ತಿಲ್ವಾ? ಮನೆ ಒಡೆಯೋ ಸುಳಿ!"

"ಪಿರ್ರೆ ಹೆಂಗಾಯ್ತದೆ? ಇಲ್ಲಿ ಹಲ್ಲು ಕಾಣಲ್ವಾ, ಆರು ಹಲ್ಲು? ಹಲ್ಲಿರೋ ಕಡೆ ತಲೆ. ತಲೆ ಆದ್ಮೇಲೆ ಕುತ್ತಿಗೆ. ಕುತ್ತಿಗೆ ಆದ್ಮೇಲೆ ಭುಜ."

"ಹಲ್ಲು ಅಂದ್ರಾ? ಹಲ್ಲು ಬಾಯಿ ಒಳಗಿರ್ಬೇಕಾ ಹೊರಗಿರ್ಬೇಕಾ? ಬಾಯಿ ಇಲ್ಲಿ ಅದೆ ನೋಡಿ, ಹೊಟ್ಟೆ ಮೇಲೆ, ಇಷ್ಟಗಲ ತೂತು! ಬಾಯಿ ಇರೋ ಕಡೆ ತಲೆ. ಆ ಕಡೆ ಉದ್ದಕ್ಕೆ ಸಣ್ಣಗೆ ಹೋಗ್ಯದಲ್ಲ, ಅದು ಬಾಲ. ತಂತಿ ಎಲ್ಲಾ ಬಾಲದ ಕೂದಲು."

ಹಜಾರ ಎರಡಾಯಿತು. ಕಂಬಮ್ಮಿನವರು ಹಲ್ಲಿನ ಪಕ್ಷ, ವೇದಸಂದೂರಿನವರು ಬಾಯಿಯ ಪಕ್ಷ. ಮುನಿಯಮ್ಮಾಳ್ ಮೊದಲು ಹಲ್ಲಿನ ಕಡೆಗಿದ್ದವಳು, ಬಾಲದ ಕೂದಲಿನ ಮಾತು ಕೇಳಿ ಆ ಕಡೆಗೆ ಹೋಗಿ, ಮತ್ತೆ ವಾಪಸು ಬಂದಳು. ಒಬ್ಬರು ಗಿಟಾರನ್ನು ತಲೆಕೆಳಗು ಮಾಡಿ ನಿಲ್ಲಿಸಿದರು. ಇನ್ನೊಬ್ಬರು ಅದು ತಲೆಕೆಳಗಲ್ಲ, ಈಗಲೇ ನೆಟ್ಟಗಿದೆ ಎಂದರು. ಇದು ವೀಣೆಯೋ ಅಲ್ಲವೋ ಎಂದು ಮಾತ್ರ ಯಾರೂ ಕೇಳಲಿಲ್ಲ. ಲಕ್ಷ್ಮಣನ್ ಒಬ್ಬನಿಗೆ ಏನೋ ಹೇಳಬೇಕೆನಿಸಿ, "ಅಪ್ಪಾ, ದಿಂಡಿಗಲ್ಲಲ್ಲಿ ನಾನು ನೋಡಿದ್ದು..." ಎಂದ. "ಹಿರೇರು ಸುಳಿ ಮಾತಾಡುವಾಗ ನಡುವೆ ಬರ್ಬ್ಯಾಡ" ಎಂದು ಇಬ್ಬರು ತಂದೆಯರೂ ಒಟ್ಟಿಗೆ ಗದರಿದರು. ಅವರಿಬ್ಬರೂ ಅಲ್ಲಿಯವರೆಗೆ ಒಪ್ಪಿದ್ದು ಅದೊಂದೇ ಮಾತು.

ಕೊನೆಗೆ ಪೊನ್ನುಸಾಮಿ ನಕ್ಕ. ಆ ನಗು ಕಂಡು ಬಾಗಿಲ ಸಂದಿಯಲ್ಲಿ ನಿಂತಿದ್ದ ತಿಲಗವತಿ ಒಂದು ಹೆಜ್ಜೆ ಹಜಾರದೊಳಗೆ ಬಂದಳು.

"ಮನೆ ಒಡೆಯೋ ಸುಳಿ ಇರೋ ಮನೆಯಿಂದ ನಮ್ಗೆ ಹೆಣ್ಣು ಬ್ಯಾಡ. ಇಲ್ಲಾಂದ್ರೆ ಒಂದ್ ಕೆಲ್ಸ ಮಾಡಿ. ನಿಮ್ಮೂರಾಗೆ ತಂಬಿರಾನ್ ದೊಡ್ಡಿ ಅದೆಯಲ್ಲ. ಪಟ್ಟದ ಹೋರಿನೇ ಕೇಳೋಣ."

ಹೆಸರು ಕೇಳಿದ ಕೂಡಲೇ ಹಲವರು ಕೈಮುಗಿದರು. ತಂಬಿರಾನ್ ದೊಡ್ಡಿ ಎಂದರೆ ದೇವರಿಗೆ ಬಿಟ್ಟ ದನಗಳ ಹಿಂಡು. ಆ ದನಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ, ಹೊಡೆಯುವುದಿಲ್ಲ. ಹಿಂಡಿನ ಒಡೆಯ ಪಟ್ಟದ ಹೋರಿ. ಹಳೆಯ ಹೋರಿ ತೀರಿಕೊಂಡರೆ ಹಿಂಡಿನ ಮುಂದೆ ಕಬ್ಬು ಇಡುತ್ತಾರೆ. ಯಾವುದು ಮೊದಲು ಬಂದು ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಅದರ ಬಾಯಿ ದೇವರ ಬಾಯಿ. ಕಬ್ಬಿನ ಮುಂದೆ ಆಣೆ ಪ್ರಮಾಣಗಳೂ ನಡೆಯುತ್ತಿದ್ದವು.

"ಒಂದು ಕಡೆ ಕಬ್ಬು ಇಡೋಣ, ಒಂದು ಕಡೆ ನಿಮ್ ವೀಣೆ. ಹೋರಿ ಕಬ್ಬು ಬಿಟ್ಟು ವೀಣೆಗೆ ಬಾಯಿ ಹಾಕಿದ್ರೆ ಒಳ್ಳೇ ಸುಳಿ, ನಾಳೆನೇ ನಿಶ್ಚಯ. ಕಬ್ಬಿಗೆ ಹಾಕಿದ್ರೆ ನಾವು ಗಾಡಿ ಕಟ್ಕೊಂಡು ಹೊಂಟೆವು."

ಕಬ್ಬು ಬಿಟ್ಟು ಮರ ತಿನ್ನುವ ಹೋರಿ ಲೋಕದಲ್ಲಿ ಎಲ್ಲಿದೆ? ಗೌಡರು ಬೇಡವೆಂದು ಕಣ್ಸನ್ನೆ ಮಾಡಿದರು. ಪಿಚ್ಚೈಯಮ್ಮಾಳ್ ಅಡುಗೆಮನೆಯಿಂದ ಕೆಮ್ಮಿದಳು. ಆಮೇಲೆ ಚೊಂಬು ಬೀಳಿಸಿದಳು. ಕಾಳಿಮುತ್ತು ಎರಡೂ ಕೈ ಎತ್ತಿ, "ಆಗ್ಲಿ! ನಾನು ಆರಿಸಿದ ಸುಳಿ!" ಎಂದ. ಅವನಿಗೆ ಎಳ್ಳಷ್ಟೂ ಭಯವಿರಲಿಲ್ಲ. ಅವನ ಬದಲಿಗೆ ಮನೆಯ ಉಳಿದವರೆಲ್ಲ ಹೆದರಿಕೊಂಡರು.

ಹಿಂಡು ಮೇಯಲು ಹೋಗಿತ್ತು, ಬರುವುದು ಬೈಗಿಗೆ. ಅಲ್ಲಿಯವರೆಗೆ ನೆಂಟರಿಗೆ ಮಧ್ಯಾಹ್ನದ ಊಟ. ಎಲೆ ಹಾಕುವ ಗದ್ದಲದಲ್ಲಿ ತಿಲಗವತಿ ಬಂದು ಗಿಟಾರನ್ನು ಎತ್ತಿಕೊಂಡಳು.

"ಎಲ್ಲಿಗೆ ಮಗಾ?" ಎಂದ ಕಾಳಿಮುತ್ತು.

"ದೇವರ ಮುಂದೆ ಇಡೋದಲ್ವಾ ಅಪ್ಪಾ, ಒರೆಸಿ ತತ್ತೀನಿ" ಎಂದು ಅವಳು ಕೊಟ್ಟಿಗೆಯ ಕಡೆ ಹೋದಳು. ಒರೆಸುವುದಕ್ಕೆ ಕೊಟ್ಟಿಗೆ ಯಾಕೆ ಎಂದು ಕೇಳಲು ಯಾರಿಗೂ ಬಿಡುವಿರಲಿಲ್ಲ.

ಸಾಯಂಕಾಲ ದೊಡ್ಡಿಯ ಮುಂದೆ ಊರೇ ಸೇರಿತು. ಪೂಜಾರಿ ಒಂದು ಕಡೆ ರಸ ತುಂಬಿದ ಕಬ್ಬಿನ ಕಟ್ಟು ಇಟ್ಟ. ಹತ್ತು ಮಾರು ಆಚೆ ತಿಲಗವತಿ ತಾನೇ ಹೋಗಿ ಗಿಟಾರನ್ನು ಅಂಗಾತ ಮಲಗಿಸಿ, ಕೈಮುಗಿದು, ಹಿಂದಕ್ಕೆ ಸರಿದು ನಿಂತಳು. ಲಕ್ಷ್ಮಣನ್ ತೊಲೆಗಳಿಲ್ಲದ ಕಾರಣ ಆಕಾಶ ನೋಡುತ್ತಿದ್ದ.

ಧೂಳೆಬ್ಬಿಸಿಕೊಂಡು ಹಿಂಡು ಬಂತು. ಮುಂದೆ ಪಟ್ಟದ ಹೋರಿ, ಬೆಳ್ಳಗೆ, ಹೆಗಲ ಮೇಲಿನ ಗುಡ್ಡದಂಥ ಇಣಿಲು ಅಲುಗಿಸುತ್ತ ಬಂದು ನಡುವೆ ನಿಂತಿತು. ಪೂಜಾರಿ ಕರ್ಪೂರ ಹಚ್ಚಿ ಕೂಗಿದ. ಹೋರಿ ತಲೆ ಎತ್ತಿ ಒಮ್ಮೆ ಮೂಸಿ, ಕಬ್ಬಿನ ಕಡೆಗೆ ನಾಲ್ಕು ಹೆಜ್ಜೆ ಇಟ್ಟಿತು. ಪೊನ್ನುಸಾಮಿ ಗಾಡಿಯ ಕಡೆ ತಿರುಗಿ, "ಎತ್ತು ಕಟ್ಟು" ಎಂದ. ಪಿಚ್ಚೈಯಮ್ಮಾಳ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಐದನೆಯ ಹೆಜ್ಜೆಗೆ ಹೋರಿ ನಿಂತಿತು. ಮೂಗಿನ ಹೊಳ್ಳೆ ಅರಳಿಸಿ ಮತ್ತೊಮ್ಮೆ ಮೂಸಿತು. ಕಬ್ಬಿಗೆ ಬೆನ್ನು ಹಾಕಿ ತಿರುಗಿತು. ನೆಟ್ಟಗೆ ಗಿಟಾರಿನ ಹತ್ತಿರ ನಡೆದು, ತಲೆ ಬಗ್ಗಿಸಿ, ಮೊಳದುದ್ದದ ನಾಲಿಗೆ ಚಾಚಿ ತಂತಿಗಳ ಸಂದಿಯಿಂದ ತೂತಿನೊಳಗೆ ಇಳಿಸಿತು.

ಟೊಂಯ್!

ಊರೆಲ್ಲ ಬೆಚ್ಚಿ ಬಿತ್ತು. ಹೋರಿ ನಾಲಿಗೆ ಎಳೆದುಕೊಂಡು ಮತ್ತೆ ಇಳಿಸಿತು. ಟೊಂಯ್, ಟ್ರಿಂಗ್, ಟೊಂಯ್ ಟೊಂಯ್! ಮೊದಲು ಪೂಜಾರಿ ನೆಲಕ್ಕೆ ಬಿದ್ದ. ಹಿಂದೆಯೇ ಗೌಡರು ಬಿದ್ದರು. ಆಮೇಲೆ ಎರಡೂ ಊರುಗಳು ಹೊಡೆದುರುಳಿಸಿದ ಬಾಳೆಗಳ ಹಾಗೆ ಸಾಲಾಗಿ ಅಡ್ಡಬಿದ್ದವು. ಹೋರಿ ಯಾರನ್ನೂ ಲೆಕ್ಕಿಸದೆ, ಕಣ್ಣು ಅರೆಮುಚ್ಚಿ, ಬಹಳ ಹೊತ್ತು ನುಡಿಸಿತು. ಒಂದು ತಂತಿ ಕಡಿದಾಗಲೂ ನಿಲ್ಲಿಸಲಿಲ್ಲ.

"ನುಡಿಸ್ತು! ದೇವ್ರೇ ನುಡಿಸ್ತು!" ಪೊನ್ನುಸಾಮಿ ಕಣ್ಣಲ್ಲಿ ನೀರು ತುಂಬಿಕೊಂಡು ಎದ್ದು ಕಾಳಿಮುತ್ತುವನ್ನು ತಬ್ಬಿಕೊಂಡ. "ಸಂಬಂದಿ, ಬಾಯಿ ಎಲ್ಲದೆ ಅಂತ ನೋಡಿದ್ರಾ? ಬಾಯಿಗೇ ಬಾಯಿ ಇಡ್ತು! ತಲೆ ಆ ಕಡೆನೇ, ನಾನು ಯೋಳಿದ್ದೇ ಸರಿ. ಪಿರ್ರೆ ಸುಳಿನೇ. ಆದ್ರೆ ದೇವ್ರು ಒಪ್ಪಿದ ಪಿರ್ರೆ ಸುಳಿ!"

"ಅದ್ನೇ ನಾನೂ ಯೋಳಿದ್ದು" ಎಂದ ಕಾಳಿಮುತ್ತು, ಕಣ್ಣು ಮಿಟುಕಿಸದೆ.

ಮಾರನೆಯ ದಿನ ನಿಶ್ಚಯ. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆ. ಗಿಟಾರಿಗೂ ಒಂದು ಬಾಸಿಂಗ ಕಟ್ಟಿದರು.

ಮದುಮಗಳನ್ನು ಕಳುಹಿಸುವ ದಿನ ಕಾಳಿಮುತ್ತು ಗಿಟಾರನ್ನು ತಾನೇ ಗಾಡಿಗೆ ಹೊತ್ತುಕೊಂಡು ಹೊರಟ. ಎತ್ತಿ ಹೆಗಲಿಗೆ ಇಡುವಾಗ ಒಳಗೆ ಏನೋ ಗಲಗಲ ಎಂದಿತು. ವತ್ತಲಗುಂಡಿನ ಪೇದೆ ಅಲುಗಾಡಿಸಿದಾಗ ಏನೂ ಇರಲಿಲ್ಲವಲ್ಲ! ಗಾಡಿಯ ಮರೆಗೆ ಹೋಗಿ ಅದನ್ನು ಬೋರಲು ಮಾಡಿ ಕೊಡವಿದ. ಅಂಗೈಗೆ ನಾಲ್ಕು ಹತ್ತಿಬೀಜ ಬಿದ್ದವು. ಒಂದಕ್ಕೆ ಒಣಗಿದ ಬೆಲ್ಲ ಮೆತ್ತಿಕೊಂಡಿತ್ತು.

ಅವನು ಅವುಗಳನ್ನು ಮೂಸಿ ನೋಡಿದ. ಮೇಲೆ ಗಾಡಿಯಲ್ಲಿ ಕೂತಿದ್ದ ಮಗಳು ಎತ್ತುಗಳ ಬೆನ್ನು ನೋಡುತ್ತಿದ್ದಳು.

"ಎಷ್ಟು ಹಾಕಿದ್ದೆ?" ಎಂದು ಮೆಲ್ಲಗೆ ಕೇಳಿದ.

"ಒಂದು ಪಡಿ ಅಪ್ಪಾ."

"ಬೆಲ್ಲನೂ?"

"ಬೆಲ್ಲ ಇಲ್ದೆ ಕಬ್ಬು ಬಿಟ್ಟು ಬತ್ತದಾ ಅಪ್ಪಾ? ಆ ಹೋರಿಗೆ ನಾನು ಶುಕ್ರವಾರ ಶುಕ್ರವಾರ ಇಕ್ಕೋದೂ ಅದೇ. ವಾಸನೆ ಗೊತ್ತದೆ."

ಕಾಳಿಮುತ್ತು ಬೀಜಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಮೂವತ್ತು ವರ್ಷ ಅವನು ದನದ ಮೈಮೇಲಿನ ಗೆರೆ ನೋಡಿದ್ದ. ಅವನ ಕೊಟ್ಟಿಗೆಯಲ್ಲೇ ಬೆಳೆದ ಈ ಹುಡುಗಿ ದನದ ಮನಸ್ಸು ನೋಡಿದ್ದಳು. ಅವಳು ನಾಳೆಯಿಂದ ಕೊಟ್ಟಿಗೆಯಲ್ಲಿ ಇರುವುದಿಲ್ಲ ಎಂಬುದು ಅವನಿಗೆ ಆಗಲೇ ಮೊದಲ ಸಲ ಹೊಳೆದದ್ದು. ಅವನು ಅತ್ತುಬಿಟ್ಟ.

"ಏನು ಸಂಬಂದಿ, ಒಳಗೆ ಏನೋ ಗಲಗಲ ಅಂದಂಗಾಯ್ತು?" ಪೊನ್ನುಸಾಮಿ ಆ ಕಡೆಯಿಂದ ಕೇಳಿದ.

"ಏನೂ ಇಲ್ಲ ಸಂಬಂದಿ" ಎಂದ ಕಾಳಿಮುತ್ತು. ಬೀಜಗಳನ್ನು ಗಾಡಿಯ ಎತ್ತಿನ ಬಾಯಿಗೆ ಹಾಕಿ, ಕಣ್ಣೊರೆಸಿಕೊಂಡು, ನೆರೆದ ಜನರ ಕಡೆ ತಿರುಗಿದ. ಕಂಬಮ್ಮಿನವರೆಲ್ಲ ಅಲ್ಲಿದ್ದರು. ಆಂಡಿಪಟ್ಟಿ ಎತ್ತಿನ ಯಜಮಾನನೂ ಇದ್ದ.

"ಎಲ್ರೂ ಕೇಳಿ! ಇನ್ಮೇಲೆ ಎತ್ತು ಆರಿಸ್ಬೇಕು ಅಂದ್ರೆ ನನ್ನ ಕೇಳ್ಬ್ಯಾಡಿ. ನನ್ಗೆ ಏನೂ ಗೊತ್ತಿಲ್ಲ. ವೇದಸಂದೂರಿಗೆ ಹೋಗಿ ನನ್ ಮಗಳ್ನ ಕೇಳಿ!"

ಹುಟ್ಟಿದಂದಿನಿಂದ ಅವನು ನಾಲ್ಕು ಜನರ ಮುಂದೆ ಆಡಿದ ಪೂರಾ ಸತ್ಯ ಅದೊಂದೇ. ಊರವರೆಲ್ಲ ಬಿದ್ದು ಬಿದ್ದು ನಕ್ಕರು. ಆಂಡಿಪಟ್ಟಿ ಎತ್ತಿನ ಯಜಮಾನ ಹತ್ತಿರ ಬಂದು, ಹೆಗಲ ಮೇಲೆ ಕೈ ಹಾಕಿ, "ಅಣ್ಣಾ, ನಿನ್ನಂಥ ದೊಡ್ಡ ಮನ್ಷ ಹಿಂಗೆಲ್ಲಾ ಯೋಳ್ಬಾರ್ದು. ಬರೋ ಮಂಗಳವಾರ ತೇನಿ ಸಂತೆಗೆ ಹೋಗ್ಬೇಕು, ನನ್ಗೊಂದು ಜೋಡಿ ಆರಿಸಿ ಕೊಡು" ಎಂದ.